ಆಂಪ್ ಆನ್ ಆಗದಿದ್ದರೆ ಮೊದಲು ಕಿಲುಬು ಹುಡುಕಿ

ಕಳೆದ ಮಳೆಗಾಲದ ಒಂದು ಭಾನುವಾರ ಮಲ್ಪೆಯಿಂದ ಭಾವ ಕಟಪಾಡಿಯ ನಮ್ಮ ಮನೆಗೆ ಬಂದರು. ಕಾರಿಂದ ಇಳಿದವರು ಒಳಗೆ ಬರಲೇ ಇಲ್ಲ. ಸೀದಾ ಡಿಕ್ಕಿ ತೆರೆದು ಆಂಪಿನ ಮುಂದೆ ನಿಂತರು. ಆಂಪ್ ಅಂದರೆ ಆಂಪ್ಲಿಫೈಯರ್, ಸ್ಟೀರಿಯೊದಿಂದ ಬರುವ ಹಾಡನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆ.

"ಆಂಪ್ ಹೋಯ್ತು ಮಾರಾಯ. ಬೋರ್ಡೇ ಹಾಳಾಗಿದೆ, ಹೊಸತು ಹಾಕಬೇಕು ಅಂತ ಅಂಗಡಿಯಲ್ಲಿ ಹೇಳಿದ್ರು. ನೀನೊಮ್ಮೆ ನೋಡು."

"ಸುಟ್ಟ ವಾಸನೆ ಏನಾದ್ರೂ ಬಂದಿತ್ತಾ ಭಾವ?"

"ಇಲ್ಲಪ್ಪ. ರಾತ್ರಿ ಚೆನ್ನಾಗಿ ಹಾಡ್ತಾ ಇತ್ತು. ಬೆಳಿಗ್ಗೆ ನೋಡಿದ್ರೆ ಲೈಟೇ ಇಲ್ಲ."

ಆಂಪಿನ ಪ್ಲಸ್ ಸ್ಕ್ರೂಗೂ ಅರ್ಥ್ ಸ್ಕ್ರೂಗೂ ಮಲ್ಟಿಮೀಟರ್ ಹಿಡಿದೆ. ಸ್ಟೀರಿಯೊ ಆಫ್ ಇತ್ತು. ಮೀಟರ್ 12.4 ವೋಲ್ಟ್ ತೋರಿಸಿತು. ಇಷ್ಟು ನೋಡಿದರೆ ಯಾರಿಗಾದರೂ ಕರೆಂಟ್ ಸರಿಯಾಗಿ ಬರುತ್ತಿದೆ, ಆಂಪೇ ಹಾಳು ಅಂತಲೇ ಅನಿಸುತ್ತದೆ. ಆದರೆ ಭಾವ ಸ್ಟೀರಿಯೊ ಆನ್ ಮಾಡಿದ ಕೂಡಲೇ ಅಂಕಿ ಜಾರಿತು. 5, 6ರ ಆಸುಪಾಸಿನಲ್ಲಿ ಹೊಯ್ದಾಡತೊಡಗಿತು. ನನ್ನ ಬಳಿ ಹಳೆಯ ಇಂಡಿಕೇಟರ್ ಬಲ್ಬ್ ಒಂದಿದೆ, 21 ವ್ಯಾಟಿನದು, ಎರಡು ವಯರ್ ಬೆಸೆದು ಇಟ್ಟುಕೊಂಡದ್ದು. ಅದನ್ನು ಅದೇ ಎರಡು ಸ್ಕ್ರೂಗಳಿಗೆ ಮುಟ್ಟಿಸಿದೆ. ಬಲ್ಬ್ ಕೆಂಪಗೂ ಆಗಲಿಲ್ಲ.

ಬಾನೆಟ್ ಎತ್ತಿದೆವು. ಬ್ಯಾಟರಿಯ ಪಕ್ಕ ಪಾರದರ್ಶಕ ಪ್ಲಾಸ್ಟಿಕ್ಕಿನ ಫ್ಯೂಸ್ ಹೋಲ್ಡರ್ ಇತ್ತು. ಅದರ ಬ್ಯಾಟರಿ ಕಡೆಯ ತುದಿಗೆ ಬಲ್ಬ್ ಹಿಡಿದರೆ ಫಳ್ಳಂತ ಉರಿಯಿತು. ಆಂಪಿನ ಕಡೆಯ ತುದಿಗೆ ಹಿಡಿದರೆ ಇಲ್ಲ. ಮುಚ್ಚಳ ಬಿಚ್ಚಿದಾಗ ಫ್ಯೂಸಿನ ಕಾಲಿನ ಬುಡದಲ್ಲಿ ಹಸಿರು ಪುಡಿ ಕೂತಿತ್ತು. ಮೂಲೆಯಲ್ಲಿಟ್ಟ ಹಿತ್ತಾಳೆ ದೀಪದ ಸಂದಿನಲ್ಲಿ ಮಳೆಗಾಲಕ್ಕೆ ಕೂರುತ್ತದಲ್ಲ, ಅದೇ ಕಿಲುಬು. ಫ್ಯೂಸ್ ಒಡೆದಿರಲಿಲ್ಲ. ವಯರ್ ತುಂಡಾಗಿರಲಿಲ್ಲ. ಆಂಪಿಗೆ ಏನೂ ಆಗಿರಲಿಲ್ಲ. ಹೊಸ ಹೋಲ್ಡರ್ ಹಾಕಿದ ಮೇಲೆ ನೀಲಿ ಲೈಟ್ ಬಂತು.

ಇಂಥದ್ದನ್ನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ನಮ್ಮ ಕರಾವಳಿಯಲ್ಲಿ ಆಂಪ್ ಸಾಯುವುದಕ್ಕಿಂತ ಜಾಸ್ತಿ ಸಾಯುವುದು ಜೋಡಣೆಗಳು. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಉಳಿದ ತಿಂಗಳು ಮಳೆ ಇಲ್ಲದಿದ್ದರೂ ಗಾಳಿಯಲ್ಲಿ ಉಪ್ಪು ಇದ್ದೇ ಇದೆ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಿ ಗಾಜು ಮುಟ್ಟಿ ನೋಡಿ, ಬೆರಳಿಗೆ ಅಂಟು ಅಂಟು ಹತ್ತುತ್ತದೆ. ಉಪ್ಪು ಗಾಳಿಯ ನೀರನ್ನು ಎಳೆದು ಹಿಡಿದುಕೊಳ್ಳುತ್ತದೆ. ಎರಡು ಬೇರೆ ಬೇರೆ ಲೋಹ ಮುಟ್ಟಿಕೊಂಡಿರುವ ಕಡೆ ಈ ಉಪ್ಪುನೀರು ಸೇರಿದರೆ ಒಂದು ಲೋಹ ಮೆಲ್ಲನೆ ಕರಗುತ್ತಾ ಹೋಗುತ್ತದೆ.

ಕಡಿಮೆ ಬೆಲೆಯ ವಯರ್ ಕಿಟ್‌ಗಳಲ್ಲಿ ಈ ತೊಂದರೆ ಎರಡು ಪಾಲು. ಅವುಗಳ ಒಳಗಿನ ಎಳೆ ಪೂರ್ತಿ ತಾಮ್ರ ಅಲ್ಲ, ಮೇಲೆ ತೆಳ್ಳಗೆ ತಾಮ್ರ, ಒಳಗೆ ಅಲ್ಯುಮಿನಿಯಂ. ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಯ ನಡುವೆ ಬೆಳ್ಳಗೆ ಕಂಡರೆ ಅದು ಅಂಥ ವಯರ್. ಎರಡು ಮಳೆಗಾಲ ಕಳೆದ ಅಂಥ ತುದಿ ಕೈಯಲ್ಲಿ ಹಿಡಿದರೆ ಪುಡಿ ಪುಡಿಯಾಗುವುದನ್ನು ಕಂಡಿದ್ದೇನೆ.

ಈಗ ಆಂಪಿಗೆ ಏನು ಬೇಕು ಅಂತ ನೋಡೋಣ. ಎಷ್ಟೇ ದುಬಾರಿ ಆಂಪ್ ಆದರೂ ಆನ್ ಆಗಲು ಬೇಕಾದದ್ದು ಮೂರೇ ವಯರ್. ತೋಟದ ಪಂಪನ್ನು ನೆನಪು ಮಾಡಿಕೊಳ್ಳಿ. ಲೈನ್ ಯಾವಾಗಲೂ ಪಂಪ್ ಶೆಡ್ಡಿನವರೆಗೆ ಬಂದೇ ಇರುತ್ತದೆ. ಆದರೆ ಸ್ಟಾರ್ಟರಿನ ಹಸಿರು ಬಟನ್ ಒತ್ತದೆ ಮೋಟಾರ್ ತಿರುಗುವುದಿಲ್ಲ. ಆಂಪಿನದೂ ಹಾಗೆಯೇ. ಬ್ಯಾಟರಿಯಿಂದ ನೇರ ಬರುವ ದಪ್ಪ ವಯರ್ ಮುಖ್ಯ ಲೈನ್, ಅದರಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ. ಕಾರಿನ ಬಾಡಿಗೆ ಬಿಗಿದ ಇನ್ನೊಂದು ದಪ್ಪ ವಯರ್ ಅರ್ಥ್, ಬಂದ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಮೂರನೆಯದು ಸ್ಟೀರಿಯೊದಿಂದ ಬರುವ ಸಣ್ಣ ವಯರ್. ಅದಕ್ಕೆ ರಿಮೋಟ್ ಅನ್ನುತ್ತಾರೆ, ಆಂಪಿನ ಮೇಲೆ ಆರ್‌ಇಎಂ ಅಂತ ಬರೆದಿರುತ್ತದೆ. ಅದೇ ಹಸಿರು ಬಟನ್. ಸ್ಟೀರಿಯೊ ಆನ್ ಆದಾಗ ಆ ಸಣ್ಣ ವಯರಿಗೆ 12 ವೋಲ್ಟ್ ಬರುತ್ತದೆ, ಅದನ್ನು ಕಂಡು ಆಂಪ್ ಏಳುತ್ತದೆ. ಈ ವ್ಯವಸ್ಥೆ ಇಲ್ಲದಿದ್ದರೆ ಆಂಪ್ ರಾತ್ರಿ ಇಡೀ ಎಚ್ಚರ ಇದ್ದು ಬೆಳಿಗ್ಗೆಗೆ ಬ್ಯಾಟರಿ ಖಾಲಿ ಮಾಡಿಬಿಡುತ್ತದೆ.

ಮೂರರಲ್ಲಿ ಯಾವುದು ತಪ್ಪಿದೆ ಅಂತ ಕಂಡುಹಿಡಿಯಲು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಬಲ್ಬ್ ಸಾಕು. ಮೀಟರಿನ ತಿರುಗಣಿಯನ್ನು ಡಿಸಿ 20 ವೋಲ್ಟಿಗೆ ಇಡಿ. ಆಂಪಿಯರ್ ಅಳೆಯುವ ತೂತಿಗೆ ಕೆಂಪು ವಯರ್ ಚುಚ್ಚಿಕೊಂಡು ಬ್ಯಾಟರಿ ಮುಟ್ಟಿಸಬೇಡಿ, ಅದು ನೇರ ಶಾರ್ಟ್ ಆಗುತ್ತದೆ. ಇನ್ನೊಂದು ಮಾತು, ಅಳೆಯುವುದು ಬೇರೆ, ವಯರ್ ಬಿಚ್ಚುವುದು ಬೇರೆ. ಬಿಚ್ಚುವ ಕೆಲಸ ಇದ್ದರೆ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಸ್ಪ್ಯಾನರೇ ಕೆಂಪಗಾಗುವಷ್ಟು ಕರೆಂಟ್ ಹರಿಯುತ್ತದೆ.

ಮೊದಲು ಬ್ಯಾಟರಿಯನ್ನೇ ಅಳೆಯಿರಿ. ಎಂಜಿನ್ ಆಫ್ ಇರುವಾಗ ಒಳ್ಳೆಯ ಬ್ಯಾಟರಿ 12.6ರ ಹತ್ತಿರ ಇರುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಬ್ಯಾಟರಿಯೇ ಸೋತಿದ್ದರೆ ಆಂಪ್ ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಟರ್ಮಿನಲ್ ಮೇಲೆ ಬಿಳಿ, ನೀಲಿ ಪುಡಿ ಕಟ್ಟಿದ್ದರೆ ಟರ್ಮಿನಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆಯಿರಿ, ಒಣಗಿಸಿ ಬಿಗಿ ಮಾಡಿ.

ಆಮೇಲೆ ಫ್ಯೂಸ್. ಫ್ಯೂಸ್ ಎರಡು ಕಡೆ ಇರುತ್ತದೆ, ಒಂದು ಬ್ಯಾಟರಿಯ ಹತ್ತಿರ, ಇನ್ನೊಂದು ಹೆಚ್ಚಿನ ಆಂಪ್‌ಗಳ ಮೈಮೇಲೆಯೇ. ಕಣ್ಣಿಗೆ ಸರಿ ಕಂಡ ಫ್ಯೂಸ್ ಸರಿ ಇರಬೇಕೆಂದಿಲ್ಲ, ಒಳಗೆ ಕೂದಲಿನಷ್ಟು ಬಿರುಕು ಬಿಟ್ಟಿರಬಹುದು. ಆಂಪಿನ ಮೇಲಿರುವಂಥ ಪ್ಲಾಸ್ಟಿಕ್ ಫ್ಯೂಸಿನ ತಲೆಯಲ್ಲಿ ಎರಡು ಸಣ್ಣ ಲೋಹದ ಚುಕ್ಕಿಗಳಿವೆ. ಫ್ಯೂಸ್ ತೆಗೆಯದೆಯೇ, ಮೀಟರಿನ ಕಪ್ಪು ತುದಿಯನ್ನು ಅರ್ಥ್‌ಗೆ ಇಟ್ಟು, ಆ ಎರಡೂ ಚುಕ್ಕಿಗಳಲ್ಲಿ ಒಂದೊಂದಾಗಿ ವೋಲ್ಟ್ ನೋಡಬಹುದು. ಒಂದರಲ್ಲಿ 12 ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಫ್ಯೂಸ್ ಹೋಗಿದೆ. ಎರಡರಲ್ಲೂ 12 ಇದ್ದು ಅದರಾಚೆಯ ವಯರಿನಲ್ಲಿ ಇಲ್ಲದಿದ್ದರೆ ಹೋಲ್ಡರಿನ ಕ್ಲಿಪ್ ಹೋಗಿದೆ. ಹಾರಿದ ಫ್ಯೂಸಿಗೆ ಬದಲಾಗಿ ಅದೇ ಆಂಪಿಯರಿನದ್ದನ್ನೇ ಹಾಕಿ. ಹಳದಿ 20, ಹಸಿರು 30 ಆಂಪಿಯರ್. ಹಳದಿ ಹಾರಿತು ಅಂತ ಹಸಿರು ಹಾಕುವುದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು, ಇವೆರಡೂ ಕಾರಿಗೆ ಬೆಂಕಿ ಹಚ್ಚುವ ಕೆಲಸ. ಬ್ಯಾಟರಿ ಹತ್ತಿರದ ಫ್ಯೂಸ್ ಇರುವುದು ಆಂಪ್ ಉಳಿಸಲು ಅಲ್ಲ, ವಯರ್ ಸುಡದಂತೆ ತಡೆಯಲು. ಅದಕ್ಕೇ ಅದನ್ನು ಬ್ಯಾಟರಿಯಿಂದ 18 ಇಂಚಿನ ಒಳಗೆ ಇಡಬೇಕು ಅನ್ನುವುದು.

ಇನ್ನು ಮೀಟರ್ 12.4 ತೋರಿಸಿದರೂ ಬಲ್ಬ್ ಏಕೆ ಉರಿಯಲಿಲ್ಲ? ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಮೀಟರ್ ಅಳೆಯುವಾಗ ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ, ಅದರ ಒಳಗಿನ ತಡೆ ಲಕ್ಷಗಟ್ಟಲೆ ಓಮ್. ಬಾವಿಯ ಪೈಪಿನಲ್ಲಿ ಕಸ ಕಟ್ಟಿದ್ದರೂ ಮುಚ್ಚಿದ ನಲ್ಲಿಯ ಹಿಂದೆ ಪೂರ್ತಿ ಒತ್ತಡ ಇರುತ್ತದೆ, ನಲ್ಲಿ ತೆರೆದಾಗ ಮಾತ್ರ ನೀರು ತೊಟ್ಟಿಕ್ಕುತ್ತದೆ ಅಲ್ವಾ? ಕಿಲುಬು ಆ ಕಸ. 21 ವ್ಯಾಟ್ ಬಲ್ಬ್ ಉರಿಯಲು ಸುಮಾರು 1.75 ಆಂಪಿಯರ್ ಬೇಕು. ಕಿಲುಬಿನ ತಡೆ 100 ಓಮ್ ಇದೆ ಅಂದುಕೊಳ್ಳಿ. ಆಗ ಅದರ ಮೂಲಕ ಹೆಚ್ಚೆಂದರೆ 0.12 ಆಂಪಿಯರ್ ಹರಿದೀತು. ಮೀಟರಿಗೆ ಅಷ್ಟು ಧಾರಾಳ, ಬಲ್ಬಿಗೆ ಏನೂ ಸಾಲದು.

ಹೀಗೆ ಕಿಲುಬಿನಿಂದ ಪೂರ್ತಿ ಕಟ್ಟಿಕೊಂಡ ಜೋಡಣೆ ಹುಡುಕುವುದು ಸುಲಭ. ಅರೆಬರೆ ಕಟ್ಟಿಕೊಂಡದ್ದು ಕಷ್ಟ. 500 ವ್ಯಾಟ್ ನಿಜವಾಗಿ ಕೊಡುವ ಆಂಪ್ ಪೂರ್ತಿ ದುಡಿಯುವಾಗ 45 ಆಂಪಿಯರಿನಷ್ಟು ಎಳೆಯುತ್ತದೆ. ಜೋಡಣೆಯಲ್ಲಿ ಬರೀ 0.05 ಓಮ್ ತಡೆ ಇದ್ದರೂ ಆಗ ಎರಡು ವೋಲ್ಟಿಗಿಂತ ಜಾಸ್ತಿ ಅಲ್ಲೇ ಕಳೆದುಹೋಗುತ್ತದೆ. ಕಳೆದದ್ದು ಎಲ್ಲಿ ಹೋಗುತ್ತದೆ? ಅಲ್ಲೇ ಬಿಸಿಯಾಗುತ್ತದೆ, ಸುಮಾರು 100 ವ್ಯಾಟಿನ ಬಿಸಿ. ಫ್ಯೂಸ್ ಹಾರದೆ ಹೋಲ್ಡರಿನ ಪ್ಲಾಸ್ಟಿಕ್ ಮಾತ್ರ ಕರಗಿರುವುದು ಹೀಗೆ. ಇಂಥ ಕಾರಿನಲ್ಲಿ ಆಂಪ್ ಆನ್ ಆಗುತ್ತದೆ, ಮೆಲ್ಲನೆ ಹಾಡುತ್ತದೆ. ಯಕ್ಷಗಾನ ಹಾಕಿ ವಾಲ್ಯೂಮ್ ಏರಿಸಿದಾಗ, ಚೆಂಡೆಯ ಜೋರು ಪೆಟ್ಟು ಬಿದ್ದ ಕೂಡಲೇ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಹಾಗೆ ಆದರೆ ಹಾಡು ನಿಲ್ಲಿಸಿ ಒಂದೊಂದೇ ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿ ಇರುವ ಕಡೆ ರೋಗ ಇದೆ.

ಅರ್ಥ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು, ಏಕೆಂದರೆ ಎಲ್ಲರೂ ಮರೆಯುವುದು ಅದನ್ನೇ. ಪ್ಲಸ್ ವಯರನ್ನು ಬ್ಯಾಟರಿಯಿಂದ ಡಿಕ್ಕಿಯವರೆಗೆ ಅಚ್ಚುಕಟ್ಟಾಗಿ ಎಳೆದಿರುತ್ತಾರೆ. ಅರ್ಥನ್ನು ಮಾತ್ರ ಹತ್ತಿರ ಸಿಕ್ಕಿದ ಯಾವುದೋ ಸ್ಕ್ರೂಗೆ, ಪೇಂಟಿನ ಮೇಲೆಯೇ ಸಿಕ್ಕಿಸಿರುತ್ತಾರೆ. ಹೋದಷ್ಟೇ ಕರೆಂಟ್ ವಾಪಸ್ ಬರಬೇಕು ಅನ್ನುವುದು ನೆನಪಿದ್ದರೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಪ್ಲಸ್ ಎಷ್ಟು ದಪ್ಪವೋ ಅರ್ಥ್ ಅಷ್ಟೇ ದಪ್ಪ ಇರಬೇಕು, ಆದಷ್ಟು ಗಿಡ್ಡ ಇರಬೇಕು. ಬಿಗಿಯುವ ಜಾಗದ ಪೇಂಟನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಲೋಹ ಹೊಳೆಯುವಂತೆ ಮಾಡಬೇಕು. ಸೀಟ್ ಬೆಲ್ಟಿನ ಬೋಲ್ಟಿಗೆ ಬಿಗಿಯಬೇಡಿ, ಅದು ಜೀವ ಉಳಿಸುವ ಬೋಲ್ಟ್.

ಅರ್ಥ್ ಪರೀಕ್ಷೆಗೆ ಅದೇ ಬಲ್ಬ್ ಸಾಕು. ಒಂದು ತುದಿ ಆಂಪಿನ ಪ್ಲಸ್‌ಗೆ, ಇನ್ನೊಂದು ಆಂಪಿನ ಅರ್ಥ್‌ಗೆ. ಉರಿಯಲಿಲ್ಲವಾ? ಆ ಎರಡನೇ ತುದಿಯನ್ನು ತೆಗೆದು ಬಾಡಿಯ ಬೇರೊಂದು ಸ್ವಚ್ಛ ಲೋಹಕ್ಕೆ ಮುಟ್ಟಿಸಿ. ಈಗ ಉರಿದರೆ ಪ್ಲಸ್ ಸರಿ ಇದೆ, ಅರ್ಥ್ ಕೆಟ್ಟಿದೆ. ಈಗಲೂ ಉರಿಯದಿದ್ದರೆ ಭಾವನ ಕಾರಿನ ಹಾಗೆ ಪ್ಲಸ್ ದಾರಿಯಲ್ಲೇ ಎಲ್ಲೋ ಕಟ್ಟಿದೆ, ಬ್ಯಾಟರಿಯ ಕಡೆಗೆ ಒಂದೊಂದೇ ಜೋಡಣೆ ನೋಡುತ್ತಾ ಹೋಗಿ. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಬರುವ ವಯರನ್ನೂ ಬಿಡಬೇಡಿ.

ಅರ್ಥ್ ಕೆಟ್ಟರೆ ಇನ್ನೊಂದು ಅಪಾಯ ಇದೆ. ವಾಪಸ್ ಹೋಗಲು ದಾರಿ ಸಿಗದ ಕರೆಂಟ್ ಆರ್‌ಸಿಎ ವಯರಿನ ಹೊರಗವಚದ ಮೂಲಕ ಸ್ಟೀರಿಯೊಗೆ ನುಗ್ಗಲು ನೋಡುತ್ತದೆ. ಹಾಡಿನ ಸಣ್ಣ ಸಿಗ್ನಲ್ ಒಯ್ಯಲು ಮಾಡಿದ ವಯರ್ ಅದು. ಸ್ಟೀರಿಯೊ ಒಳಗಿನ ಕೂದಲೆಳೆಯಂಥ ದಾರಿ ಸುಟ್ಟುಹೋಗುತ್ತದೆ. ಆಮೇಲೆ ಆಂಪ್ ಸರಿಯಾದರೂ ಸ್ಪೀಕರಿನಲ್ಲಿ ಎಂಜಿನ್ ಜೊತೆ ಏರಿಳಿಯುವ ಕುಂಯ್ ಶಬ್ದ ಉಳಿದುಬಿಡುತ್ತದೆ. ಆದ್ದರಿಂದ ಅರ್ಥ್ ಬಿಚ್ಚಿರುವಾಗ ಸುಮ್ನೆ ಸ್ಟೀರಿಯೊ ಆನ್ ಮಾಡಿ ನೋಡಬೇಡಿ.

ಈಗ ರಿಮೋಟ್. ಹೊರಗಿನಿಂದ ತಂದು ಹಾಕುವ ಸ್ಟೀರಿಯೊಗಳಲ್ಲಿ ಇದು ಸಾಮಾನ್ಯವಾಗಿ ಬಿಳಿ ಗೆರೆ ಇರುವ ನೀಲಿ ವಯರ್. ಅದರ ಪಕ್ಕದಲ್ಲೇ ಬರೀ ನೀಲಿ ವಯರ್ ಒಂದಿರುತ್ತದೆ, ಅದು ಕರೆಂಟಿನಿಂದ ಏಳುವ ಆಂಟೆನಾಗೆ. ಇವೆರಡು ಅದಲುಬದಲಾದರೆ ತಮಾಷೆಯ ರೋಗ ಕಾಣಿಸುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ಆಂಟೆನಾ ವಯರಿಗೆ ಕರೆಂಟ್ ಬರುವುದು ರೇಡಿಯೊ ಹಾಕಿದಾಗ ಮಾತ್ರ. ಹಾಗಾಗಿ ಎಫ್‌ಎಂ ಹಾಕಿದರೆ ಆಂಪ್ ಏಳುತ್ತದೆ, ಬ್ಲೂಟೂತ್‌ಗೆ ಹೋದರೆ ಮಲಗುತ್ತದೆ. ಇದಕ್ಕೆ ಆಂಪ್ ಬದಲಿಸಿದವರೂ ಇದ್ದಾರೆ ಅಂದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಸ್ಟೀರಿಯೊ ಆನ್ ಮಾಡಿ ಆಂಪಿನ ರಿಮೋಟ್ ಸ್ಕ್ರೂ ಮತ್ತು ಅರ್ಥ್ ನಡುವೆ ಅಳೆಯಿರಿ. 12ರ ಹತ್ತಿರ ಇರಬೇಕು. ಸೊನ್ನೆ ಇದ್ದರೆ ಅಥವಾ 5, 6 ಇದ್ದರೆ ಆ ರಿಮೋಟ್ ವಯರನ್ನು ಆಂಪಿನಿಂದ ಬಿಚ್ಚಿ ಬದಿಗೆ ಸರಿಸಿ. ಒಂದು ಗೇಣು ಸಣ್ಣ ವಯರ್ ತೆಗೆದುಕೊಂಡು ಆಂಪಿನ ಪ್ಲಸ್‌ನಿಂದ ರಿಮೋಟ್ ಸ್ಕ್ರೂಗೆ ಮುಟ್ಟಿಸಿ, ಬಾಡಿಗೆ ತಾಗದಂತೆ ನೋಡಿಕೊಳ್ಳಿ. ಒಂದೆರಡು ಸೆಕೆಂಡ್ ತಡೆದು ಲೈಟ್ ಬಂತಾ? ಹಾಗಾದರೆ ಆಂಪ್ ಗಟ್ಟಿ ಇದೆ, ಬಟನ್ ಮಾತ್ರ ತಲುಪುತ್ತಿಲ್ಲ. ಮೊದಲು ಆ ಸಣ್ಣ ವಯರ್ ಬಿಚ್ಚಿ ಅಂದದ್ದಕ್ಕೆ ಕಾರಣ ಇದೆ. ಅದು ಹಾಗೇ ಇದ್ದರೆ ನೀವು ಕೊಡುವ ಕರೆಂಟ್ ಹಿಂದಕ್ಕೆ ಸ್ಟೀರಿಯೊ ಒಳಗೂ ಹೋಗುತ್ತದೆ.

ರಿಮೋಟ್ ಕೆಡಲು ದೊಡ್ಡ ಕಾರಣ ಅದರ ಮೇಲೆ ಹೊರೆ ಹಾಕುವುದು. ಅದು ಬರೀ ಸುದ್ದಿ ಮುಟ್ಟಿಸುವ ವಯರ್, ಒಂದು ಆಂಪಿಯರಿನ ಅರ್ಧವನ್ನೂ ಕೊಡಲಾರದು ಅಂತ ಇಟ್ಟುಕೊಳ್ಳಿ. ಅದಕ್ಕೆ ಎರಡು ಆಂಪ್, ಒಂದು ಫ್ಯಾನ್, ಬಣ್ಣದ ಲೈಟಿನ ಪಟ್ಟಿ ಎಲ್ಲ ಸೇರಿಸಿದರೆ ಸ್ಟೀರಿಯೊ ಒಳಗೇ ಅದು ಸುಡುತ್ತದೆ. ಹಾಗೆ ಬೇಕಿದ್ದರೆ ನಡುವೆ ಒಂದು ರಿಲೇ ಹಾಕಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಕಾರಿನ ಸಾಧಾರಣ ರಿಲೇಯ 85, 86ನೇ ಕಾಲುಗಳಲ್ಲಿ ಒಂದಕ್ಕೆ ರಿಮೋಟ್, ಇನ್ನೊಂದಕ್ಕೆ ಅರ್ಥ್, 30ಕ್ಕೆ ಫ್ಯೂಸ್ ಹಾಕಿದ ಬ್ಯಾಟರಿ ಲೈನ್, 87ರಿಂದ ಹೊರಗೆ. ಕಂಪನಿಯಿಂದಲೇ ಬಂದ ಸ್ಟೀರಿಯೊ ಇರುವ ಕಾರುಗಳಲ್ಲಿ ರಿಮೋಟ್ ವಯರ್ ಇಲ್ಲದಿರುವುದೇ ಹೆಚ್ಚು. ಅಲ್ಲಿ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಒಂದು ಫ್ಯೂಸಿನಿಂದ ಈ ವಯರ್ ತೆಗೆದಿರುತ್ತಾರೆ. ಆ ಫ್ಯೂಸ್ ಹಾರಿದರೂ ಆಂಪ್ ಸತ್ತಂತೆ ಬಿದ್ದಿರುತ್ತದೆ.

ಕೆಂಪು ಲೈಟ್ ಬಂದರೆ ಕಥೆ ಬೇರೆ. ಆಂಪ್ ಎದ್ದಿದೆ, ಆದರೆ ಏನೋ ಅಪಾಯ ಕಂಡು ಬಾಗಿಲು ಹಾಕಿಕೊಂಡಿದೆ. ಎಲ್ಲ ಆಫ್ ಮಾಡಿ, ಸ್ಪೀಕರ್ ವಯರ್ ಮತ್ತು ಆರ್‌ಸಿಎ ಬಿಚ್ಚಿ, ಮತ್ತೆ ಆನ್ ಮಾಡಿ. ಈಗ ಕೆಂಪು ಹೋದರೆ ತಪ್ಪು ಹೊರಗಿದೆ. ಬಾಗಿಲಿನ ಸಂದಿನಲ್ಲಿ ಸ್ಪೀಕರ್ ವಯರಿನ ಸಿಪ್ಪೆ ಸವೆದು ಬಾಡಿಗೆ ತಾಗುವುದು ಸಾಮಾನ್ಯ. 4 ಓಮ್ ಅಂತ ಬರೆದ ಸ್ಪೀಕರ್ ಮೀಟರಿನಲ್ಲಿ 3.2ರಿಂದ 3.8ರವರೆಗೆ ತೋರಿಸುತ್ತದೆ, ಅದು ಸರಿ. ಒಂದಕ್ಕಿಂತ ಕಡಿಮೆ ತೋರಿಸಿದರೆ ಶಾರ್ಟ್ ಆಗಿದೆ. 4 ಓಮಿನ ಎರಡನ್ನು ಒಂದೇ ಚಾನೆಲ್ಲಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ 2 ಓಮ್ ಆಗುತ್ತದೆ, ನಿಮ್ಮ ಆಂಪ್ ಅಷ್ಟನ್ನು ತಡೆಯುತ್ತದಾ ಅಂತ ಅದರ ಪುಸ್ತಕದಲ್ಲಿ ನೋಡಿ. ಮೇ ತಿಂಗಳ ಸೆಕೆಯಲ್ಲಿ ಕಾರ್ಪೆಟ್ ಅಡಿಯ ಆಂಪ್ ಬಿಸಿಯಾಗಿ ಆಫ್ ಆಗುವುದೂ ಇದೆ, ತಣ್ಣಗಾದ ಮೇಲೆ ತಾನೇ ಬರುತ್ತದೆ.

ಇಲಿಯನ್ನು ಹೇಳದೆ ಬಿಡುವಂತಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಬರುತ್ತವೆ, ಅಲ್ಲಿಂದ ಕಾರಿನ ಒಳಗೂ ನುಗ್ಗಿದರೆ ಸಣ್ಣ ರಿಮೋಟ್ ವಯರ್ ಅವುಗಳ ಹಲ್ಲಿಗೆ ಸುಲಭದ ತುತ್ತು. ಸೀಟಿನ ಅಡಿಯ ಆಂಪ್ ಇದ್ದವರು ನೆಲದ ಮ್ಯಾಟ್ ಎತ್ತಿ ನೋಡಿ. ಒದ್ದೆ ಚಪ್ಪಲಿಯ ನೀರು, ಎಸಿಯ ನೀರು ಎರಡೂ ಅಲ್ಲಿಗೇ ಇಳಿಯುತ್ತವೆ. ಆಂಪ್ ಒದ್ದೆಯಾಗಿದ್ದರೆ ಪರೀಕ್ಷೆ ಮಾಡಲೆಂದೂ ಆನ್ ಮಾಡಬೇಡಿ. ಬಿಚ್ಚಿ, ಪೂರ್ತಿ ಒಣಗಿಸಿ, ರಿಪೇರಿಯವರಿಂದ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಸಿ.

ಇಷ್ಟೆಲ್ಲ ನೋಡಿದ ಮೇಲೆ, ಬಲ್ಬ್ ಚೆನ್ನಾಗಿ ಉರಿಯುತ್ತಿದೆ, ರಿಮೋಟಿನಲ್ಲಿ 12 ಇದೆ, ಆಂಪಿನ ಫ್ಯೂಸ್ ಸರಿ ಇದೆ, ಆದರೂ ಲೈಟ್ ಇಲ್ಲ ಅಂದರೆ ಆಗ ಆಂಪ್ ಹಾಳು ಅನ್ನಬಹುದು. ಆಗಲೂ ಎಸೆಯಬೇಡಿ. ಒಳಗೆ ಒಂದು ಪವರ್ ಸಪ್ಲೈ ಇದೆ. ಅದು 12 ವೋಲ್ಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್ ಆಫ್ ಮಾಡಿ, ಟ್ರಾನ್ಸ್‌ಫಾರ್ಮರ್ ಮೂಲಕ ದೊಡ್ಡ ವೋಲ್ಟೇಜ್ ಮಾಡುತ್ತದೆ. ಆ ಆನ್ ಆಫ್ ಕೆಲಸ ಮಾಡುವ ಮಾಸ್‌ಫೆಟ್ ಅನ್ನುವ ಬಿಡಿಭಾಗಗಳು ಸುಡುವುದೇ ಹೆಚ್ಚು. ಅವನ್ನು ಬದಲಿಸಬಹುದು. ರಿಪೇರಿಯವರಿಗೆ ಒಂದು ವಿಷಯ ನೋಡಿಟ್ಟುಕೊಂಡು ಹೇಳಿ. ಫ್ಯೂಸ್ ಹಾಕಿದ ಕೂಡಲೇ ಹಾರುತ್ತದಾ, ಅಥವಾ ಸ್ಟೀರಿಯೊ ಆನ್ ಮಾಡಿದಾಗ ಹಾರುತ್ತದಾ? ಮೊದಲನೆಯದಾದರೆ ಪ್ಲಸ್ ಬರುವ ಬಾಯಲ್ಲೇ ಶಾರ್ಟ್. ಬೇರೆ ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾಗಿದ್ದರೂ ಹೀಗೆ ಆಗುತ್ತದೆ, ಅಂಥದ್ದು ನಡೆದಿದ್ದರೆ ಮುಚ್ಚಿಡದೆ ಹೇಳಿ. ಎರಡನೆಯದಾದರೆ ಎದ್ದ ಮೇಲೆ ದುಡಿಯುವ ಭಾಗಗಳಲ್ಲಿ ತೊಂದರೆ. ಈ ಒಂದು ಮಾತು ಅವರ ಅರ್ಧ ದಿನ ಉಳಿಸುತ್ತದೆ.

ಭಾವನ ಕಾರಿಗೆ ಅವತ್ತು ರಬ್ಬರ್ ಸೀಲ್ ಇರುವ ಹೋಲ್ಡರ್ ಹಾಕಿದೆವು. ಕಿಲುಬು ಹಿಡಿದ ವಯರ್ ತುದಿಯನ್ನು ಎರಡು ಇಂಚು ಕತ್ತರಿಸಿ, ಕೆಂಪು ತಾಮ್ರ ಕಾಣುವವರೆಗೆ ಹಿಂದೆ ಹೋದೆವು. ಆ ತುದಿಗೆ ಒತ್ತಿ ಬಿಗಿದ ಲೋಹದ ಲಗ್ಗಿನ ಮೇಲೆ ಬಿಸಿ ಮಾಡಿದರೆ ಕುಗ್ಗುವ ಕೊಳವೆ ಹಾಕಿದೆವು. ಬಿಗಿದಾದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿದೆವು. ಹೋಲ್ಡರಿಗೆ ಬರುವ ವಯರನ್ನು ಸ್ವಲ್ಪ ಕೆಳಗೆ ಇಳಿಬಿಟ್ಟು ಮೇಲಕ್ಕೆ ತಂದೆವು, ಜಾರಿ ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಲಿ ಅಂತ. ಭಾವ ಕೊನೆಗೆ ಒಳಗೆ ಬಂದು ಕಾಫಿ ಕುಡಿದರು. ಹಳೆಯ ಹೋಲ್ಡರನ್ನು ಕಾಗದದಲ್ಲಿ ಸುತ್ತಿ ಕಾರಿನಲ್ಲಿಟ್ಟುಕೊಂಡರು, ಅಂಗಡಿಯವರಿಗೂ ತೋರಿಸಬೇಕಂತೆ.